ಡಿಸ್ನಿಯ ಪೈರೇಟ್ಸ್ ರೈಡ್: ಐದು ಊರಲ್ಲಿ ಐದು ರೂಪ, ನಿಮಗೆ ಯಾವುದು?

ಬೇರೆ ಬೇರೆ ಡಿಸ್ನಿ ಪಾರ್ಕುಗಳಿಗೆ ಹೋಗಿ ಬಂದ ಮೂವರು ಒಂದು ಕಡೆ ಸೇರಿ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ರೈಡಿನ ಬಗ್ಗೆ ಮಾತು ತೆಗೆದರೆ ವಾದ ಶುರುವಾಗುವುದು ಗ್ಯಾರಂಟಿ. ಒಬ್ಬರು ದೋಣಿ ಎರಡು ಸಲ ಕೆಳಕ್ಕೆ ಜಾರಿತು ಅನ್ನುತ್ತಾರೆ. ಇನ್ನೊಬ್ಬರು ಇಲ್ಲಪ್ಪ, ಒಂದೇ ಸಲ ಅನ್ನುತ್ತಾರೆ. ಮೂರನೆಯವರು ನಮ್ಮ ದೋಣಿ ಅಡ್ಡಡ್ಡ ಹೋಯಿತು, ಹಿಂದಕ್ಕೂ ತಿರುಗಿತು ಅನ್ನುತ್ತಾರೆ. ಮೂವರೂ ಹೇಳುವುದು ನಿಜ. ಒಬ್ಬರು ಹೋಗಿದ್ದು ಕ್ಯಾಲಿಫೋರ್ನಿಯಾದ ಆನಹೈಮ್‌ಗೆ, ಇನ್ನೊಬ್ಬರು ಫ್ಲೋರಿಡಾಕ್ಕೆ, ಮೂರನೆಯವರು ಶಾಂಘೈಗೆ.

ಈ ರೈಡ್ ಈಗ ಐದು ಕಡೆ ಇದೆ. ಆನಹೈಮ್‌ನ ಡಿಸ್ನಿಲ್ಯಾಂಡಿನಲ್ಲಿ 1967ರಿಂದ, ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 1973ರಿಂದ, ಟೋಕಿಯೊದಲ್ಲಿ 1983ರಿಂದ, ಪ್ಯಾರಿಸ್‌ನಲ್ಲಿ 1992ರಿಂದ, ಶಾಂಘೈನಲ್ಲಿ 2016ರಿಂದ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನಲ್ಲಿ ಇಲ್ಲ, ಅಲ್ಲಿಗೆ ಹೋಗುವವರು ಹುಡುಕುತ್ತಾ ಸುತ್ತಬೇಡಿ. ಹೆಸರು ಒಂದೇ ಆದರೂ ಐದೂ ಒಂದೇ ಅಲ್ಲ. ಒಂದೇ ಪ್ರಸಂಗವನ್ನು ಐದು ಮೇಳಗಳು ಆಡಿದ ಹಾಗೆ ಅಂದುಕೊಳ್ಳಿ. ಪಾತ್ರಗಳು ಅವೇ, ಆದರೆ ಯಾವುದನ್ನು ಮೊದಲು ತರುತ್ತಾರೆ, ಎಲ್ಲಿ ನಿಧಾನ ಮಾಡುತ್ತಾರೆ ಅನ್ನುವುದರಲ್ಲೇ ಎಲ್ಲಾ ಇದೆ.

ಈ ರೈಡಿನ ರುಚಿ ಇರುವುದು ಕಥೆ ಬಿಚ್ಚಿಕೊಳ್ಳುವ ಕ್ರಮದಲ್ಲಿ. ಎಷ್ಟು ಗೊಂಬೆ ಇವೆ, ಎಷ್ಟು ದೊಡ್ಡ ಸ್ಕ್ರೀನ್ ಇದೆ ಅನ್ನುವುದೆಲ್ಲ ಆಮೇಲಿನ ಮಾತು. ಕೆಳಗಿನ ಹೋಲಿಕೆಯನ್ನು ಆ ಕಣ್ಣಿಂದಲೇ ಮಾಡಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಟ್ಟಡದ ಒಳಗೆ, ಕತ್ತಲಲ್ಲಿ ಸಾಗುವ ದೋಣಿ ಪ್ರಯಾಣ. ಸಾಲಾಗಿ ಬೆಂಚು ಹಾಕಿದ ದೋಣಿಯಲ್ಲಿ ಕೂತರೆ ಅದು ತನ್ನ ಪಾಡಿಗೆ ತೇಲಿಕೊಂಡು ಹೋಗುತ್ತದೆ. ಎರಡೂ ಕಡೆ ಕಡಲ್ಗಳ್ಳರ ಗೊಂಬೆಗಳು ಮಾತಾಡುತ್ತವೆ, ಹಾಡುತ್ತವೆ, ಕುಡಿಯುತ್ತವೆ, ಊರಿಗೆ ಬೆಂಕಿ ಇಡುತ್ತವೆ. 2003ರಲ್ಲಿ ಬಂದ ಸಿನಿಮಾ ನೋಡಿ ಈ ರೈಡ್ ಮಾಡಿದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗಿದ್ದು ಉಲ್ಟಾ. ರೈಡಿನಿಂದ ಸಿನಿಮಾ ಬಂತು. ಸಿನಿಮಾ ಗೆದ್ದ ಮೇಲೆ, 2006ರಲ್ಲಿ, ಅದರ ನಾಯಕ ಜ್ಯಾಕ್ ಸ್ಪ್ಯಾರೋನ ಗೊಂಬೆಯನ್ನು ಅಮೆರಿಕದ ಎರಡೂ ರೈಡುಗಳಿಗೆ ತಂದು ಸೇರಿಸಿದರು.

ಆನಹೈಮ್: ಆತುರವೇ ಇಲ್ಲದ ಮೂಲ ರೂಪ

ಮೊದಲಿಗೆ ಇಲ್ಲಿ ದೋಣಿಯ ಯೋಚನೆಯೇ ಇರಲಿಲ್ಲ. ಜನ ನಡೆದುಕೊಂಡು ಹೋಗಿ ನೋಡುವ ಮೇಣದ ಗೊಂಬೆಗಳ ಮ್ಯೂಸಿಯಂ ಮಾಡುವ ಪ್ಲ್ಯಾನ್ ಇತ್ತು. ಅದಕ್ಕಾಗಿ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಅನ್ನುವ ಭಾಗದಲ್ಲಿ ನೆಲ ಅಗೆದೂ ಆಗಿತ್ತು. ಅಷ್ಟರಲ್ಲಿ 1964ರ ನ್ಯೂಯಾರ್ಕ್ ವಿಶ್ವ ಮೇಳ ಬಂತು. ಅಲ್ಲಿ ಡಿಸ್ನಿ ಕಂಪನಿ ಮಕ್ಕಳ ಗೊಂಬೆಗಳ ನಡುವೆ ಹೋಗುವ ದೋಣಿ ರೈಡ್ ಮಾಡಿತ್ತು. ಸಣ್ಣ ಜಾಗದಲ್ಲಿ ಗಂಟೆಗೆ ಸಾವಿರಾರು ಜನರನ್ನು ತಳ್ಳಾಟ ಇಲ್ಲದೆ ಸಾಗಿಸಬಹುದು ಅನ್ನುವುದು ಅಲ್ಲಿ ಗೊತ್ತಾಯಿತು. ಜೊತೆಗೆ ಮಾತಾಡುವ, ಕೈಕಾಲು ಆಡಿಸುವ ಯಂತ್ರದ ಗೊಂಬೆಗಳೂ ಅಷ್ಟು ಹೊತ್ತಿಗೆ ಪಳಗಿದ್ದವು. ಎರಡನ್ನೂ ಸೇರಿಸಿದರು, ಮ್ಯೂಸಿಯಂ ಹೋಗಿ ದೋಣಿ ಬಂತು.

ಅಗೆದ ನೆಲಮಾಳಿಗೆ ಸಾಕಾಗಲಿಲ್ಲ. ಪಾರ್ಕಿನ ಸುತ್ತ ಮಣ್ಣಿನ ಏರಿ, ಅದರ ಮೇಲೆ ರೈಲು ಹಳಿ. ಆದ್ದರಿಂದ ದೊಡ್ಡ ಕಟ್ಟಡವನ್ನು ಹಳಿಯ ಆಚೆ ಕಟ್ಟಿದರು. ದೋಣಿ ಅಲ್ಲಿಗೆ ಹೋಗಬೇಕಾದರೆ ಹಳಿಯ ಕೆಳಗೆ ನುಸುಳಬೇಕು. ಅದಕ್ಕೇ ಆ ಎರಡು ಜಾರುಗಳು. ಜನರನ್ನು ಕಿರುಚಿಸಬೇಕು ಅಂತ ಮಾಡಿದ್ದಲ್ಲ, ಹಳಿ ದಾಟಲು ಮಾಡಿದ್ದು. ಆದರೆ ಕಥೆಗೆ ಅದು ಎಂಥಾ ಉಪಕಾರ ಮಾಡಿತು ನೋಡಿ. ಜಾರಿದ ಕೂಡಲೇ ನೀವು ಈ ಲೋಕ ಬಿಟ್ಟು ಇನ್ನೊಂದು ಲೋಕಕ್ಕೆ ಇಳಿದ ಹಾಗೆ ಆಗುತ್ತದೆ.

ಅದಕ್ಕೂ ಮುಂಚಿನ ಕೆಲವು ನಿಮಿಷಗಳೇ ನನಗೆ ಇಡೀ ರೈಡಿನಲ್ಲಿ ಅತಿ ಇಷ್ಟ. ಹೊರಗೆ ಸುಡುಬಿಸಿಲಿರಲಿ, ದೋಣಿ ಹೊರಟ ಕೂಡಲೇ ರಾತ್ರಿ. ಲೂಸಿಯಾನಾದ ಜೌಗು ಪ್ರದೇಶ. ನೀರಿನ ಮೇಲೆ ತಂಪು, ಕಪ್ಪೆಗಳ ವಟವಟ, ಹುಲ್ಲಿನ ನಡುವೆ ಮಿಣುಕು ಹುಳುಗಳು. ಎಡಗಡೆ ಒಂದು ಗುಡಿಸಲು, ಅದರ ಮುಂದೆ ತೂಗು ಕುರ್ಚಿಯಲ್ಲಿ ಒಬ್ಬ ಮುದುಕ ಸುಮ್ನೆ ಕೂತಿದ್ದಾನೆ. ಎಲ್ಲಿಂದಲೋ ಬ್ಯಾಂಜೋ ಕೇಳುತ್ತದೆ. ಅವನು ನಿಮ್ಮನ್ನು ಹೆದರಿಸುವುದಿಲ್ಲ, ನಗಿಸುವುದೂ ಇಲ್ಲ. ಬಲಗಡೆ ದಡದಲ್ಲಿ ದೀಪ ಹಚ್ಚಿಕೊಂಡು ಜನ ಊಟ ಮಾಡುತ್ತಿರುತ್ತಾರೆ. ಅದು ನಿಜವಾದ ಹೋಟೆಲು, ಬ್ಲೂ ಬಾಯು. ರೈಡ್ ಶುರುವಾದ 1967ರ ಮಾರ್ಚ್ 18ರಂದೇ ಅದೂ ತೆರೆಯಿತು.

ಆ ಮಿಣುಕು ಹುಳುಗಳನ್ನು ಮಾಡಿದವರು ಯೇಲ್ ಗ್ರೇಸಿ. ಸಣ್ಣ ಬಲ್ಬು, ತಂತಿ, ಗಾಳಿ, ಇಷ್ಟೇ ಸಾಮಾನು. ಮುಂದೆ ಹೊತ್ತಿ ಉರಿಯುವ ಊರಿನ ಬೆಂಕಿಯೂ ಅವರದೇ ಕೈಚಳಕ. ನಿಜವಾದ ಕಿಡಿ ಒಂದೂ ಇಲ್ಲ, ಬೆಳಕು ಮತ್ತು ಗಾಳಿಯ ಆಟ. ಅದನ್ನು ನೋಡಿ ಊರಿನ ಅಗ್ನಿಶಾಮಕ ಅಧಿಕಾರಿಗಳಿಗೇ ಗಾಬರಿಯಾಗಿ, ನಿಜವಾಗಿ ಬೆಂಕಿ ಬಿದ್ದರೆ ಈ ಸುಳ್ಳು ಬೆಂಕಿ ತಾನಾಗಿ ಆರಿಹೋಗುವಂತೆ ಮಾಡಿ ಅಂದರಂತೆ.

ಜಾರಿ ಇಳಿದ ಮೇಲೆ ಮೊದಲು ಸಿಗುವುದು ಸತ್ತ ಕಡಲ್ಗಳ್ಳರು. ಗುಹೆಗಳು, ಮರಳ ಮೇಲೆ ಅಸ್ಥಿಪಂಜರ, ಬಿರುಗಾಳಿಯಲ್ಲೂ ಹಡಗಿನ ಚಕ್ರ ಬಿಡದ ಎಲುಬಿನ ಕೈ, ಚಿನ್ನದ ರಾಶಿ. ಇವರ ಗತಿ ಏನಾಯಿತು ಅಂತ ಮೊದಲೇ ತೋರಿಸಿ, ಆಮೇಲೆ ಇವರು ಬದುಕಿದ್ದಾಗ ಹೇಗಿದ್ದರು ಅನ್ನುವುದಕ್ಕೆ ಕರೆದುಕೊಂಡು ಹೋಗುತ್ತಾರೆ. ಹಡಗು ಮತ್ತು ಕೋಟೆಯ ನಡುವೆ ಫಿರಂಗಿ ಕಾಳಗ. ಗುಂಡು ಬಿದ್ದ ಕಡೆ ನೀರು ಚಿಮ್ಮುತ್ತದೆ, ನಿಮ್ಮ ದೋಣಿ ಮಧ್ಯದಲ್ಲೇ ಹಾದು ಹೋಗುತ್ತದೆ. ಊರಿನ ಮೇಯರನ್ನು ಹಗ್ಗ ಕಟ್ಟಿ ಬಾವಿಗೆ ಮುಳುಗಿಸಿ ಎತ್ತುತ್ತಾರೆ. ಸೆರೆಮನೆಯಲ್ಲಿ ಕೈದಿಗಳು ಎಲುಬು ತೋರಿಸಿ ನಾಯಿಯನ್ನು ಕರೆಯುತ್ತಾರೆ, ಬೀಗದ ಕೈ ನಾಯಿಯ ಬಾಯಲ್ಲಿದೆ. ಅದು ಅಲ್ಲಾಡುವುದಿಲ್ಲ.

ಉರಿಯುವ ಊರಿನ ಹತ್ತಿರ ಸೇತುವೆಯ ಕೆಳಗೆ ಹೋಗುವಾಗ ತಪ್ಪದೆ ಮೇಲೆ ನೋಡಿ. ಸೇತುವೆ ಅಂಚಿನಲ್ಲಿ ಒಬ್ಬ ಕೂತು ಕಾಲು ಇಳಿಬಿಟ್ಟಿದ್ದಾನೆ. ಕೂದಲು ತುಂಬಿದ ಕಾಲು, ಕೊಳೆ ಹಿಡಿದ ಅಂಗಾಲು, ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ಹತ್ತಿರ. ಇಂಥ ದೃಶ್ಯಗಳ ಚಿತ್ರ ಬರೆದವರು ಮಾರ್ಕ್ ಡೇವಿಸ್. ಒಂದು ನೋಟಕ್ಕೇ ಅರ್ಥವಾಗಬೇಕು ಅನ್ನುವುದು ಅವರ ಕೆಲಸದ ಗುಟ್ಟು. ದೋಣಿ ನಿಲ್ಲುವುದಿಲ್ಲವಲ್ಲ, ನೋಡುವವರಿಗೆ ಸಿಗುವುದು ಕೆಲವೇ ಸೆಕೆಂಡು. ಇಂಗ್ಲಿಷ್ ಬರದಿದ್ದರೂ ಆ ನಾಯಿಯ ತಮಾಷೆ ಅರ್ಥವಾಗುತ್ತದೆ. ಇಂಗ್ಲಿಷ್ ಅಷ್ಟಾಗಿ ಹಿಡಿಸದ ನಮ್ಮ ಅಮ್ಮ ಅತಿ ಜಾಸ್ತಿ ನಕ್ಕಿದ್ದು ಅಲ್ಲೇ.

ಇಡೀ ಪ್ರಯಾಣ ಸುಮಾರು 15 ನಿಮಿಷ. ಐದು ರೈಡುಗಳಲ್ಲಿ ಅತಿ ಉದ್ದದ್ದು ಇದೇ. ವಾಲ್ಟ್ ಡಿಸ್ನಿ ಸ್ವತಃ ನಿಂತು ಮಾಡಿಸಿದ ಕೊನೆಯ ರೈಡೂ ಇದೇ. ತೆರೆಯುವ ಮೂರು ತಿಂಗಳ ಮುಂಚೆ, 1966ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು.

ಫ್ಲೋರಿಡಾ: ಕ್ಯೂ ಚೆನ್ನ, ರೈಡ್ ಚಿಕ್ಕದು

ಮ್ಯಾಜಿಕ್ ಕಿಂಗ್‌ಡಮ್ 1971ರಲ್ಲಿ ತೆರೆದಾಗ ಅಲ್ಲಿ ಪೈರೇಟ್ಸ್ ಇರಲಿಲ್ಲ. ನಿಜವಾದ ಕೆರಿಬಿಯನ್ ಪಕ್ಕದಲ್ಲೇ ಇದೆ, ಫ್ಲೋರಿಡಾದವರಿಗೆ ಇದರಲ್ಲಿ ಏನು ಹೊಸತು ಅನ್ನುವ ಲೆಕ್ಕಾಚಾರ. ಬಂದವರೆಲ್ಲ 'ಕಡಲ್ಗಳ್ಳರ ರೈಡ್ ಎಲ್ಲಿ' ಅಂತಲೇ ಕೇಳತೊಡಗಿದರು. ಹಾಗಾಗಿ ಬೇಗ ಬೇಗ ಕಟ್ಟಿ 1973ರ ಡಿಸೆಂಬರ್ 15ಕ್ಕೆ ತೆರೆದರು. ಆ ಆತುರ ಇವತ್ತಿಗೂ ಕಾಣುತ್ತದೆ. ಜೌಗು ಪ್ರದೇಶ ಇಲ್ಲ, ತೂಗು ಕುರ್ಚಿಯ ಮುದುಕ ಇಲ್ಲ, ಅಸ್ಥಿಪಂಜರಗಳ ಗುಹೆಗಳು ಬೇಗ ಮುಗಿಯುತ್ತವೆ. ಜಾರು ಒಂದೇ. ಸುಮಾರು 8 ನಿಮಿಷಕ್ಕೆ ದೋಣಿಯಿಂದ ಇಳಿದಿರುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ ದೋಣಿಯೇ ನಿಮ್ಮನ್ನು ಮತ್ತೆ ಮೇಲಕ್ಕೆ ಹತ್ತಿಸುತ್ತದೆ. ಇಲ್ಲಿ ನೀವು ಕೆಳಗೇ ಇಳಿದು ಮೇಲೆ ಬರಬೇಕು.

ಹಾಗಂತ ಬಿಟ್ಟುಬಿಡುವಂಥದ್ದಲ್ಲ. ಹೊರಗಿನ ಕಟ್ಟಡ ನನಗೆ ಕ್ಯಾಲಿಫೋರ್ನಿಯಾದ್ದಕ್ಕಿಂತ ಇಷ್ಟ. ಸ್ಪೇನಿನವರು ಕಟ್ಟಿದಂಥ ಕಲ್ಲಿನ ಕೋಟೆ, ಒಳಗೆ ತಣ್ಣಗಿನ ಕತ್ತಲ ಹಾದಿ. ಕ್ಯೂನಲ್ಲಿ ನಿಂತಿರುವಾಗಲೇ ಕಥೆ ಶುರುವಾಗುತ್ತದೆ. ಕಂಬಿಯಾಚೆ ಕೆಳಗಿನ ಸೆರೆಕೋಣೆಯಲ್ಲಿ ಎರಡು ಅಸ್ಥಿಪಂಜರಗಳು ಚೆಸ್ ಆಡುತ್ತಾ ಕೂತಿವೆ. ಬೋರ್ಡಿನ ಮೇಲೆ ಕಾಯಿಗಳನ್ನು ಇಟ್ಟಿರುವ ರೀತಿ ಹೇಗಿದೆ ಅಂದರೆ, ಆಟ ಯಾರ ಕಡೆಗೂ ಮುಗಿಯುವುದಿಲ್ಲ. ಇಬ್ಬರೂ ಅಲ್ಲೇ ಆಡುತ್ತಾ ಆಡುತ್ತಾ ಸತ್ತಿದ್ದಾರೆ. ಇದೂ ಮಾರ್ಕ್ ಡೇವಿಸ್ ಯೋಚನೆ. ಚೆಸ್ ಆಡುವ ಮಕ್ಕಳಿದ್ದರೆ ಕೈ ಹಿಡಿದು ತೋರಿಸಿ, ಕ್ಯೂ ಮುಂದೆ ಹೋಗುವ ಅವಸರದಲ್ಲಿ ಎಲ್ಲರೂ ಇದನ್ನು ದಾಟಿಬಿಡುತ್ತಾರೆ.

ಮ್ಯಾಜಿಕ್ ಕಿಂಗ್‌ಡಮ್‌ಗೆ ಹೇಗೂ ಹೋಗುತ್ತಿದ್ದೀರಿ ಅಂದರೆ ಪೈರೇಟ್ಸ್ ಹತ್ತಿ, ಮಧ್ಯಾಹ್ನದ ಉರಿಬಿಸಿಲಿಗೋ ಇದ್ದಕ್ಕಿದ್ದಂತೆ ಸುರಿಯುವ ಫ್ಲೋರಿಡಾ ಮಳೆಗೋ ಇಟ್ಟುಕೊಳ್ಳಿ. ಆದರೆ ಈ ರೈಡಿಗಾಗಿಯೇ ಕ್ಯಾಲಿಫೋರ್ನಿಯಾ ಬಿಟ್ಟು ಫ್ಲೋರಿಡಾ ಆರಿಸುವುದು ಬೇಡ.

ಹರಾಜಿನ ದೃಶ್ಯ

ಹಳೆಯ ಫೋಟೋ, ವಿಡಿಯೋ ನೋಡಿ ಹೋದವರಿಗೆ ಒಂದು ವಿಷಯ ಗೊತ್ತಿರಲಿ. ಮೂಲ ರೈಡಿನಲ್ಲಿ ಊರಿನ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹರಾಜು ಹಾಕುವ ದೃಶ್ಯ ಇತ್ತು. ಅದರ ಮಧ್ಯದಲ್ಲಿ ಕೆಂಪು ಕೂದಲಿನ ಒಬ್ಬಳು. ಪ್ಯಾರಿಸ್‌ನಲ್ಲಿ 2017ರಲ್ಲಿ, ಅಮೆರಿಕದ ಎರಡೂ ಕಡೆ 2018ರಲ್ಲಿ ಇದನ್ನು ಬದಲಾಯಿಸಿದರು. ಈಗ ಹರಾಜಾಗುವುದು ಲೂಟಿ ಮಾಡಿದ ಸಾಮಾನು. ಕೆಂಪು ಕೂದಲಿನವಳು ಬಂದೂಕು ಹಿಡಿದು ನಿಂತ ಕಡಲ್ಗಳ್ಳಿ, ಹೆಸರು ರೆಡ್. ಇದಕ್ಕೂ ಮುಂಚೆ 1997ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರ ಹಿಂದೆ ಓಡುತ್ತಿದ್ದ ಗೊಂಬೆಗಳನ್ನು ತಿಂಡಿಯ ಹಿಂದೆ ಓಡುವಂತೆ ಮಾಡಿದ್ದರು. ಹಳೆಯದೇ ಇರಬೇಕಿತ್ತು ಅನ್ನುವ ಅಭಿಮಾನಿಗಳು ತುಂಬಾ ಜನ ಇದ್ದಾರೆ. ನನಗೆ ಈ ಬದಲಾವಣೆ ಒಪ್ಪಿಗೆ. ಪಕ್ಕದಲ್ಲಿ ಏಳೆಂಟು ವರ್ಷದ ಮಗಳು ಕೂತು 'ಅವರನ್ನ ಯಾಕೆ ಮಾರ್ತಿದಾರೆ' ಅಂತ ಕೇಳಿದರೆ ಉತ್ತರ ಹೇಳುವುದು ಕಷ್ಟ, ಅಲ್ವಾ? ಸಾಮಾನು ಹರಾಜು ಹಾಕಿದರೂ ನಗು ಕಡಿಮೆಯಾಗಿಲ್ಲ.

ಟೋಕಿಯೊ

ಕ್ಯಾಲಿಫೋರ್ನಿಯಾದ ಮುಖ, ಫ್ಲೋರಿಡಾದ ಮೈ. ಹೊರಗೆ ನ್ಯೂ ಆರ್ಲಿಯನ್ಸ್ ಬೀದಿ, ಒಳಗೆ ಮೊದಲಿಗೆ ಅದೇ ಜೌಗು ಪ್ರದೇಶ, ದಡದಲ್ಲಿ ಅದೇ ಹೆಸರಿನ ಬ್ಲೂ ಬಾಯು ಹೋಟೆಲು. ಆಮೇಲೆ ಒಂದೇ ಜಾರು, ಪ್ರಯಾಣವೂ ಚಿಕ್ಕದು, ಹತ್ತು ನಿಮಿಷದ ಹತ್ತಿರ. 1983ರ ಏಪ್ರಿಲ್ 15ರಂದು ಪಾರ್ಕ್ ತೆರೆದಾಗಲೇ ಇದೂ ತೆರೆಯಿತು. ಅಮೆರಿಕದ ಹೊರಗೆ ಡಿಸ್ನಿ ಪಾರ್ಕ್ ಬಂದಿದ್ದೂ ಅದೇ ಮೊದಲು. ಕಡಲ್ಗಳ್ಳರು ಇಲ್ಲಿ ಜಪಾನಿ ಮಾತಾಡುತ್ತಾರೆ. ಮಾತು ಅರ್ಥವಾಗದಿದ್ದರೂ ನಷ್ಟವಿಲ್ಲ, ಕಾರಣ ಆಗಲೇ ಹೇಳಿದೆ.

ಕ್ಯಾಲಿಫೋರ್ನಿಯಾಕ್ಕೆ ಹೋಗುವ ಯೋಗ ಸದ್ಯಕ್ಕಿಲ್ಲ, ಜಪಾನಿಗೆ ಹೋಗುತ್ತಿದ್ದೇವೆ ಅನ್ನುವವರಿಗೆ ಮೂಲ ರೈಡಿನ ಆ ನಿಧಾನದ ಶುರುವಾತು ಇಲ್ಲೇ ಸಿಗುತ್ತದೆ. ಎಲ್ಲಾ ಚೊಕ್ಕ, ಎಲ್ಲಾ ಶಿಸ್ತು. ಎರಡನ್ನೂ ನೋಡುವ ಅವಕಾಶ ಇರುವವರಿಗೆ ಇದರಲ್ಲಿ ಹೊಸತು ಕಡಿಮೆ. ಟೋಕಿಯೊದಲ್ಲಿ ಎರಡು ಪಾರ್ಕ್ ಇವೆ, ಪೈರೇಟ್ಸ್ ಇರುವುದು ಡಿಸ್ನಿಲ್ಯಾಂಡಿನಲ್ಲಿ, ಡಿಸ್ನಿಸೀಯಲ್ಲಿ ಅಲ್ಲ. ಒಂದೇ ದಿನ ಇರುವವರು ಈ ರೈಡ್ ಬಿಟ್ಟು ಡಿಸ್ನಿಸೀ ಆರಿಸಿಕೊಂಡರೆ ನಾನು ತಪ್ಪು ಅನ್ನುವುದಿಲ್ಲ. ಅಂಥ ಪಾರ್ಕ್ ಜಗತ್ತಿನಲ್ಲಿ ಇನ್ನೊಂದಿಲ್ಲ.

ಪ್ಯಾರಿಸ್: ಕಥೆಯನ್ನು ತಿರುಗಿಸಿ ಹೇಳಿದ್ದು

ಪ್ಯಾರಿಸ್‌ನವರು ಮಾಡಿದ ಒಂದೇ ಒಂದು ದೊಡ್ಡ ಬದಲಾವಣೆಯಿಂದ ಎಲ್ಲವೂ ಬದಲಾಯಿತು. ಅಸ್ಥಿಪಂಜರಗಳನ್ನು ತೆಗೆದು ಕೊನೆಗೆ ಇಟ್ಟರು. ಇಲ್ಲಿ ಕಡಲ್ಗಳ್ಳರು ಮೊದಲು ಬದುಕಿರುತ್ತಾರೆ. ಕೋಟೆಗೆ ನುಗ್ಗುತ್ತಾರೆ, ಊರನ್ನು ದೋಚುತ್ತಾರೆ, ಬೆಂಕಿ ಇಡುತ್ತಾರೆ, ಮದ್ದಿನ ಮನೆ ಸಿಡಿಯುತ್ತದೆ. ದೋಣಿ ಕೆಳಕ್ಕೆ ಧುಮುಕುತ್ತದೆ. ಕೆಳಗೆ ಎಲುಬುಗಳು, ಚಿನ್ನ, ಕತ್ತಲು. ಮಾಡಿದ್ದುಣ್ಣೋ ಮಹಾರಾಯ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕ್ರಮವೇ ಹಾಗೆ ಹೇಳಿಬಿಡುತ್ತದೆ.

ಈ ಕ್ರಮದಿಂದ ಜಾರಿನ ಅರ್ಥವೂ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜಾರು ಅಂದರೆ ಕಥೆಯ ಒಳಗೆ ಇಳಿಯುವ ಬಾಗಿಲು. ಪ್ಯಾರಿಸ್‌ನಲ್ಲಿ ಅದು ಕಡಲ್ಗಳ್ಳರಿಗೆ ಸಿಕ್ಕ ಶಿಕ್ಷೆ. ಶುರುವಿನಲ್ಲಿ ದೋಣಿ ಪಾಳುಬಿದ್ದ ಕೋಟೆಯೊಳಗೆ ಮೇಲಕ್ಕೆ ಹತ್ತುವಾಗ, ಗೋಡೆಯ ಮೇಲೆ ಕತ್ತಿ ಕಾಳಗದ ನೆರಳು ಆಡುತ್ತದೆ. ಮುಂದೆ ಒಬ್ಬ ಹಗ್ಗ ಹಿಡಿದು ತೂಗಾಡುತ್ತಾ ಬರುತ್ತಾನೆ, ಇಬ್ಬರು ಗೊಂಬೆಗಳು ಎದುರುಬದುರು ನಿಂತು ಕತ್ತಿ ತಾಗಿಸಿ ಹೋರಾಡುತ್ತಾರೆ. 1967ರ ಗೊಂಬೆಗಳು ಹೆಚ್ಚಾಗಿ ಕೂತಲ್ಲೇ, ನಿಂತಲ್ಲೇ ಕೈ ಆಡಿಸುವವು. ಇಲ್ಲಿ ಅವು ಓಡಾಟಕ್ಕೆ ಇಳಿದಿವೆ. 25 ವರ್ಷದ ಅಂತರ ಕಣ್ಣಿಗೆ ಕಾಣುತ್ತದೆ.

2017ರಲ್ಲಿ ಸಿನಿಮಾದ ಬಾರ್ಬೋಸಾನನ್ನೂ ಇಲ್ಲಿ ಸೇರಿಸಿದರು. ಅವನು ನೋಡನೋಡುತ್ತಿದ್ದಂತೆ ಎಲುಬಿನ ಗೂಡಾಗುತ್ತಾನೆ. ಅಮೆರಿಕದಲ್ಲಿ ಸಿನಿಮಾ ಪಾತ್ರಗಳು ಕಥೆಯ ಮಧ್ಯೆ ತೂರಿಸಿದಂತೆ ಕಾಣುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಜ್ಯಾಕ್ ಸ್ಪ್ಯಾರೋ ಸಿಕ್ಕ ಕೂಡಲೇ ಜನ ಊರನ್ನು ನೋಡುವುದು ಬಿಟ್ಟು ಅವನನ್ನೇ ಹುಡುಕತೊಡಗುತ್ತಾರೆ. ಪ್ಯಾರಿಸ್‌ನಲ್ಲಿ ಬಾರ್ಬೋಸಾ ಕಥೆಗೆ ಹೊಂದಿಕೊಂಡಿದ್ದಾನೆ, ಸಾವಿನ ಕಡೆಗೇ ಸಾಗುವ ಕಥೆಯಲ್ಲವೇ.

ಮಾತು ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಬರುತ್ತದೆ. ಜಾರು ಎರಡು. ಮಕ್ಕಳಿದ್ದರೆ ಇಲ್ಲಿ ಇನ್ನೊಂದು ಲಾಭ ಇದೆ. ರೈಡಿನ ಹತ್ತಿರದಲ್ಲೇ ಅಡ್ವೆಂಚರ್ ಐಲ್ ಅನ್ನುವ ದ್ವೀಪ. ಗುಹೆ, ತೂಗು ಸೇತುವೆ, ತಲೆಬುರುಡೆ ಆಕಾರದ ಬಂಡೆ, ಕಡಲ್ಗಳ್ಳರ ಹಡಗು. ರೈಡ್ ಮುಗಿಸಿ ಬಂದ ಹುಡುಗರು ಅಲ್ಲೇ ಗಂಟೆಗಟ್ಟಲೆ ಓಡಾಡಬಹುದು.

ಶಾಂಘೈ: ಹೆಸರು ಅದೇ, ರೈಡೇ ಬೇರೆ

ಶಾಂಘೈನದನ್ನು ಉಳಿದ ನಾಲ್ಕರ ಜೊತೆ ತಕ್ಕಡಿಗೆ ಹಾಕುವುದೇ ಕಷ್ಟ. ಪೂರ್ತಿ ಹೆಸರು 'ಬ್ಯಾಟಲ್ ಫಾರ್ ದಿ ಸಂಕನ್ ಟ್ರೆಷರ್'. 2016ರ ಜೂನ್ 16ರಂದು ಪಾರ್ಕಿನ ಜೊತೆಗೇ ತೆರೆಯಿತು. ಸುತ್ತಲಿನ ಇಡೀ ಭಾಗವೇ ಕಡಲ್ಗಳ್ಳರ ಬಂದರು. ಹಳೆಯ ರೈಡಿನ ದೃಶ್ಯಗಳನ್ನು ಬಿಟ್ಟು, ಸಿನಿಮಾದ ಜ್ಯಾಕ್ ಸ್ಪ್ಯಾರೋ ಮತ್ತು ಡೇವಿ ಜೋನ್ಸ್ ಇಬ್ಬರ ನಡುವಿನ ಹೊಸ ಕಥೆ ಕಟ್ಟಿದ್ದಾರೆ.

ದೋಣಿಯೇ ಬೇರೆ. ಹಳೆಯ ರೈಡುಗಳಲ್ಲಿ ದೋಣಿ ನೀರಿನ ಹರಿವಿನ ಜೊತೆ ತೇಲುತ್ತದೆ, ಮುಖ ಯಾವಾಗಲೂ ಮುಂದಕ್ಕೆ. ಇಲ್ಲಿ ನೀರಿನ ಕೆಳಗಿಂದ ಮ್ಯಾಗ್ನೆಟ್ ಎಳೆಯುತ್ತದೆ. ಬೇಕಾದ ಕಡೆ ನಿಲ್ಲಿಸಬಹುದು, ಅಡ್ಡ ತಿರುಗಿಸಬಹುದು, ಹಿಂದಕ್ಕೆ ಒಯ್ಯಬಹುದು. ಅಂದರೆ ನೀವು ಏನನ್ನು, ಯಾವ ಕ್ಷಣದಲ್ಲಿ ನೋಡಬೇಕು ಅನ್ನುವುದು ರೈಡ್ ಮಾಡಿದವರ ಕೈಯಲ್ಲಿದೆ. ಶುರುವಿನಲ್ಲೇ ಒಂದು ಅಸ್ಥಿಪಂಜರ ಕೂತಿರುತ್ತದೆ. ಮಾತಾಡುತ್ತಾ ಮಾತಾಡುತ್ತಾ ಅದು ನಿಮ್ಮ ಕಣ್ಣೆದುರಿಗೇ ಜ್ಯಾಕ್ ಸ್ಪ್ಯಾರೋ ಆಗಿಬಿಡುತ್ತದೆ. ಗೊಂಬೆ ಎಲ್ಲಿ ಮುಗಿಯಿತು, ಬೆಳಕಿನ ಚಿತ್ರ ಎಲ್ಲಿ ಶುರುವಾಯಿತು ಅಂತ ಹೇಳಲಾಗುವುದಿಲ್ಲ. ಆಮೇಲೆ ಕಣ್ಣು ಹರಿಯುವಷ್ಟು ದೊಡ್ಡ ಬಾಗಿದ ಸ್ಕ್ರೀನುಗಳು. ದೋಣಿ ಸಮುದ್ರದ ತಳಕ್ಕೆ ಮುಳುಗಿದಂತೆ, ಮತ್ತೆ ಮೇಲೆದ್ದು ಎರಡು ಹಡಗುಗಳ ಕಾಳಗದ ನಡುವೆ ಸಿಕ್ಕಿಕೊಂಡಂತೆ ಅನಿಸುತ್ತದೆ. ಆ ಚಿತ್ರಗಳನ್ನು ಮಾಡಿದ್ದು ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ.

ತಂತ್ರದಲ್ಲಿ ಇದನ್ನು ಮೀರಿಸುವ ಪೈರೇಟ್ಸ್ ಇಲ್ಲ. ಹದಿನೈದು ಹದಿನಾರರ ಹುಡುಗರಿಗೆ ಉಳಿದ ನಾಲ್ಕು ಸಪ್ಪೆ ಅನಿಸಿದರೂ ಇದು ಹಿಡಿಸುತ್ತದೆ. ಮಾತೆಲ್ಲ ಚೀನೀ ಭಾಷೆಯಲ್ಲಿದೆ, ಆದರೂ ಕಥೆ ತಪ್ಪಿಹೋಗುವುದಿಲ್ಲ. ನನಗೆ ಕೊರತೆ ಅನಿಸಿದ್ದು ಒಂದೇ. ಇಲ್ಲಿ ಕಣ್ಣು ತನ್ನಿಷ್ಟಕ್ಕೆ ಅಲೆಯಲು ಬಿಡುವಿಲ್ಲ. ಆನಹೈಮ್‌ನಲ್ಲಿ ಪ್ರತಿ ಸಲ ಯಾವುದೋ ಮೂಲೆಯಲ್ಲಿ ಹೊಸತೊಂದು ಕಾಣುತ್ತದೆ, ಹಂದಿಗಳ ಜೊತೆ ಕೆಸರಲ್ಲಿ ಮಲಗಿದವನೋ, ಬೆಕ್ಕೋ, ಕಿಟಕಿಯ ಹೆಂಗಸೋ. ಶಾಂಘೈನಲ್ಲಿ ಮೊದಲ ಸಲ ಬಾಯಿ ತೆರೆದು ನೋಡುತ್ತೀರಿ, ಎರಡನೇ ಸಲವೂ ಅದನ್ನೇ ನೋಡುತ್ತೀರಿ.

ಯಾರ ಜೊತೆ ಹೋಗುತ್ತಿದ್ದೀರಿ?

ಬೇ ಏರಿಯಾದಲ್ಲೋ ಲಾಸ್ ಏಂಜಲೀಸ್ ಕಡೆಯೋ ಮಕ್ಕಳಿರುವ ಕನ್ನಡದ ಮನೆಗಳಲ್ಲಿ, ಊರಿಂದ ಅಪ್ಪ ಅಮ್ಮ ಬಂದರೆ ಡಿಸ್ನಿಲ್ಯಾಂಡ್ ಪ್ರವಾಸ ಇದ್ದೇ ಇರುತ್ತದೆ. ಬೆಳಗ್ಗೆಯಿಂದ ನಡೆದು ನಡೆದು ಅವರಿಗೆ ಸುಸ್ತು. ಎತ್ತಿ ಎಸೆಯುವ ರೈಡುಗಳಿಗೆ ಅವರು ಹತ್ತುವುದಿಲ್ಲ, ಹೊರಗೆ ಬೆಂಚಿನ ಮೇಲೆ ಬ್ಯಾಗು ಕಾಯುತ್ತಾ ಕೂತಿರುತ್ತಾರೆ. ಅಂಥವರಿಗೆ ಆನಹೈಮ್‌ನ ಪೈರೇಟ್ಸ್ ಹೇಳಿ ಮಾಡಿಸಿದ್ದು. ಕಾಲು ಗಂಟೆ ತಂಪಲ್ಲಿ ಕೂರಬಹುದು, ನೋಡಲು ಬೇಕಾದಷ್ಟು ಇದೆ, ಎರಡು ಜಾರು ಬಿಟ್ಟರೆ ಕುಲುಕಾಟ ಇಲ್ಲ. ಜಾರು ಬರುತ್ತದೆ ಅಂತ ಮೊದಲೇ ಹೇಳಿಬಿಡಿ. ಕತ್ತಲಲ್ಲಿ ಗೊತ್ತಿಲ್ಲದೆ ಜಾರಿದರೆ ಗಾಬರಿ, ಗೊತ್ತಿದ್ದು ಜಾರಿದರೆ ನಗು.

ಮಂಡಿ ನೋವಿದ್ದವರು ಒಂದು ವಿಷಯ ಗಮನಿಸಬೇಕು. ದೋಣಿಗೆ ಹತ್ತುವಾಗ ಕಾಲು ಕೆಳಗೆ ಇಳಿಸಿ, ಬೆಂಚಿನ ಮೇಲೋ ತಳದ ಮೇಲೋ ಹೆಜ್ಜೆ ಇಟ್ಟು ಕೂರಬೇಕು. ಇಳಿಯುವಾಗ ಅದಕ್ಕಿಂತ ಕಷ್ಟ, ಎದ್ದು ಮೇಲೆ ಹತ್ತಬೇಕು. ವೀಲ್‌ಚೇರಿನಲ್ಲಿ ಇರುವವರು ಅದರಿಂದ ಎದ್ದು ದೋಣಿಗೆ ಬರಲೇಬೇಕಾಗುತ್ತದೆ. ಸೀರೆ ಉಟ್ಟವರಿಗೆ ಅಂಚಿನ ಕಡೆಯ ಸೀಟು ಕೊಡಿಸಿ, ಒಳಗೆ ಸರಿಯುವ ಕೆಲಸ ತಪ್ಪುತ್ತದೆ. ಸಿಬ್ಬಂದಿಗೆ ಹೇಳಿದರೆ ಹತ್ತಲು ಸ್ವಲ್ಪ ಸಮಯ ಕೊಡುತ್ತಾರೆ, ಸಂಕೋಚ ಬೇಡ.

ಎತ್ತರದ ಮಿತಿ ಇಲ್ಲದ ಕಾರಣ ಸಣ್ಣ ಮಕ್ಕಳೂ ಹತ್ತಬಹುದು. ಹತ್ತಬಹುದು ಅಂದ ಮಾತ್ರಕ್ಕೆ ಹತ್ತಿಸಲೇಬೇಕು ಅಂತಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ಕತ್ತಲು, ಎಲುಬು, ಫಿರಂಗಿ ಸದ್ದು ಮೂರೂ ಒಟ್ಟಿಗೆ ಜಾಸ್ತಿಯಾಗಬಹುದು. ಇಂಥ ಮಗುವಿಗೆ ಫ್ಲೋರಿಡಾದ್ದೇ ಒಳ್ಳೆಯದು, ಬೇಗ ಮುಗಿಯುತ್ತದೆ. ಪ್ಯಾರಿಸ್‌ನಲ್ಲಿ ಎಲುಬುಗಳು ಕೊನೆಗೆ ಬರುವುದರಿಂದ ಮಗು ಅಳುತ್ತಲೇ ಹೊರಗೆ ಬರುವ ಸಾಧ್ಯತೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೆದರಿಕೆ ಮೊದಲು, ತಮಾಷೆ ಆಮೇಲೆ. ಇಳಿಯುವ ಹೊತ್ತಿಗೆ ಅತ್ತಿದ್ದು ಮರೆತಿರುತ್ತದೆ. ದೊಡ್ಡ ಸ್ಕ್ರೀನ್ ನೋಡಿದರೆ ತಲೆ ತಿರುಗುವವರು ಶಾಂಘೈನಲ್ಲಿ ಹುಷಾರಾಗಿರಿ. ದೋಣಿ ಮೆಲ್ಲಗೆ ಹೋದರೂ ಸುತ್ತಲಿನ ಚಿತ್ರ ಜೋರಾಗಿ ಓಡುತ್ತದೆ.

ಮುಂದಿನ ಸಾಲಿನಲ್ಲಿ ಕೂತರೆ ಜಾರಿದಾಗ ನೀರು ಎರಚಬಹುದು. ನೆನೆದು ತೊಪ್ಪೆಯಾಗುವಷ್ಟಲ್ಲ, ಮೊಬೈಲು ಒಳಗಿಟ್ಟುಕೊಳ್ಳುವಷ್ಟು. ನನ್ನ ಆಯ್ಕೆ ಯಾವಾಗಲೂ ಮಧ್ಯದ ಸಾಲು. ಫೋಟೋ ಆಸೆ ಬಿಡಿ, ಕತ್ತಲಲ್ಲಿ ಬರುವುದಿಲ್ಲ, ಫ್ಲ್ಯಾಶ್ ಹಾಕಿದರೆ ಇಡೀ ದೋಣಿಯವರಿಗೆ ರಾತ್ರಿ ಕೆಡುತ್ತದೆ.

ಒಂದನ್ನೇ ಆರಿಸು ಅಂದರೆ

ಆನಹೈಮ್. ಎರಡನೆಯದು ಪ್ಯಾರಿಸ್, ತುಂಬಾ ಹತ್ತಿರದ ಎರಡನೆಯದು. ಎರಡನ್ನೂ ನೋಡುವ ಅದೃಷ್ಟ ಇದ್ದರೆ ಆನಹೈಮ್ ಮೊದಲು ನೋಡಿ. ಮೂಲ ಕ್ರಮ ತಲೆಯಲ್ಲಿ ಇದ್ದರೆ ಮಾತ್ರ ಪ್ಯಾರಿಸ್‌ನವರು ಮಾಡಿದ ಕೆಲಸದ ಬೆಲೆ ಗೊತ್ತಾಗುತ್ತದೆ. ಶಾಂಘೈಗೆ ಕೆಲಸದ ಮೇಲೆ ಹೋಗುವವರು ಬೆಂಗಳೂರಿನಲ್ಲಿ ಎಷ್ಟೋ ಜನ ಇದ್ದಾರೆ. ಅವರು ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿಬರಲಿ, ಹಳೆಯದನ್ನು ನೋಡಿಲ್ಲ ಅನ್ನುವ ಚಿಂತೆ ಅಲ್ಲಿ ಬೇಕಿಲ್ಲ. ಟೋಕಿಯೊ ಮತ್ತು ಫ್ಲೋರಿಡಾ ದಾರಿಯಲ್ಲಿ ಸಿಕ್ಕರೆ ಬಿಡಬೇಡಿ.

ಹೋಗುವ ದಾರಿ ಬಗ್ಗೆ ಸ್ವಲ್ಪ. ಆನಹೈಮ್ ಇರುವುದು ಲಾಸ್ ಏಂಜಲೀಸ್‌ನ ದಕ್ಷಿಣಕ್ಕೆ, ಕಾರಿದ್ದರೆ ಸುಲಭ. ಅಲ್ಲಿ ಎದುರುಬದುರು ಎರಡು ಪಾರ್ಕ್ ಇವೆ. ಪೈರೇಟ್ಸ್ ಇರುವುದು ಹಳೆಯದಾದ ಡಿಸ್ನಿಲ್ಯಾಂಡ್ ಪಾರ್ಕಿನಲ್ಲಿ, ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಫ್ಲೋರಿಡಾದಲ್ಲಿ ಕಾರು ನಿಲ್ಲಿಸಿದ ಮೇಲೂ ಮಾನೊರೈಲೋ ಫೆರಿಯೋ ಹಿಡಿದು ಮ್ಯಾಜಿಕ್ ಕಿಂಗ್‌ಡಮ್ ತಲುಪಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಟೋಕಿಯೊದಲ್ಲಿ ಕೇಯಿಯೊ (Keiyo) ಲೈನ್ ರೈಲಿನಲ್ಲಿ ಮಾಯ್‌ಹಾಮಾ ಸ್ಟೇಷನ್. ಪ್ಯಾರಿಸ್‌ನಲ್ಲಿ ಆರ್‌ಇಆರ್ ಎ ರೈಲಿನ ಕೊನೆಯ ನಿಲ್ದಾಣ ಮಾರ್ನ್ ಲಾ ವಲ್ಲೇ ಷೆಸ್ಸಿ. ಶಾಂಘೈನಲ್ಲಿ ಮೆಟ್ರೊ 11ನೇ ಲೈನ್ ಪಾರ್ಕಿನ ಬಾಗಿಲಿಗೇ ಬರುತ್ತದೆ.

ದೋಣಿಯೊಳಗಿಂದ ಕಾಣುವ ಹೋಟೆಲಿನಲ್ಲಿ ಊಟ ಮಾಡುವ ಆಸೆ ಇದ್ದರೆ, ಆನಹೈಮ್ ಮತ್ತು ಟೋಕಿಯೊದ ಬ್ಲೂ ಬಾಯುಗೆ ಮುಂಚೆಯೇ ಬುಕ್ ಮಾಡಿ. ನೀರಿನ ಅಂಚಿನ ಟೇಬಲ್ ಬೇಕು ಅಂತ ಹೋದ ಕೂಡಲೇ ಕೇಳಿ, ಸ್ವಲ್ಪ ಕಾಯಬೇಕಾದರೂ ಪರವಾಗಿಲ್ಲ. ಪ್ಯಾರಿಸ್‌ನಲ್ಲಿ ಅದರ ಹೆಸರು ಕ್ಯಾಪ್ಟನ್ ಜ್ಯಾಕ್ಸ್, ಶಾಂಘೈನಲ್ಲಿ ಬಾರ್ಬೋಸಾಸ್ ಬೌಂಟಿ. ಫ್ಲೋರಿಡಾದ ರೈಡಿನೊಳಗೆ ಹೋಟೆಲ್ ಇಲ್ಲ. ಸಸ್ಯಾಹಾರಿಗಳು ಮೆನು ಮೊದಲೇ ನೋಡಿ, ಮೊಟ್ಟೆ ಮೀನಿನ ವಿಷಯ ಬಿಡಿಸಿ ಕೇಳಿ. ಬರಿ 'ವೆಜಿಟೇರಿಯನ್' ಅಂದರೆ ಎಲ್ಲಾ ಕಡೆ ಒಂದೇ ಅರ್ಥ ಇಲ್ಲ.

ಕೊನೆಗೆ, ಟಿಕೆಟ್ ದುಡ್ಡು ಕಟ್ಟುವ ಮುಂಚೆ ಪಾರ್ಕಿನ ಆ್ಯಪಿನಲ್ಲೋ ವೆಬ್‌ಸೈಟಿನಲ್ಲೋ ರಿಪೇರಿಗೆ ಮುಚ್ಚಿರುವ ರೈಡುಗಳ ಪಟ್ಟಿ ನೋಡಿ. ನೀರು, ದೋಣಿ, ನೂರಾರು ಯಂತ್ರದ ಗೊಂಬೆಗಳು ಇರುವ ಕಡೆ ನೀರೆಲ್ಲ ಖಾಲಿ ಮಾಡಿ ವಾರಗಟ್ಟಲೆ ಕೆಲಸ ಮಾಡುತ್ತಾರೆ. ನಿಮ್ಮ ತಾರೀಖು ಅದರೊಳಗೆ ಬಿದ್ದಿದ್ದರೆ, ರಜೆಯನ್ನೇ ಆಚೀಚೆ ಮಾಡಲು ಸಾಧ್ಯವೇ ನೋಡಿ. ಆನಹೈಮ್‌ಗಂತೂ ಅಷ್ಟು ಮಾಡಿದರೂ ನಷ್ಟವಿಲ್ಲ.